ಎಲ್ಲರೂ ತಿಂದ ಮೊಸರನ್ನ

ನಿಶಿ ಕಸಾಯಿ, ಟೋಕಿಯೊ
3 ಸೆಪ್ಟೆಂಬರ್ 2025

ಚಂದ್ರೀ,

ಆಶೀರ್ವಾದವನ್ನು ಕಾಗದದ ಕೊನೆಗೆ ಇಟ್ಟಿದ್ದೇನೆ. ಮೊದಲು ತಕರಾರು. ಸೋದರಮಾವ ಜಪಾನಿಗೆ ಬಂದು ತಿಂಗಳ ಮೇಲಾಯಿತು, ಫುಕುವೋಕಾದ ಯೂನಿವರ್ಸಿಟಿಯಲ್ಲಿ ಕೂತಿರುವ ನೀನು ಒಂದು ಸಲವೂ ಬಂದು ಮುಖ ತೋರಿಸಲಿಲ್ಲ. ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯೆ ಎಂದು ನನ್ನ ಮಗಳು ಸ್ಫೂರ್ತಿಯೇ ಹೇಳಿದಳು. ದಿನಾ ನಾಲ್ಕು ಆರೋಗ್ಯ ಸಲಹೆ ಕಳಿಸಿದ್ದು ಅಪರಾಧವೇನೇ? ಅದಕ್ಕೇ ಈ ಕಾಗದ. ಕಾಗದವನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಯಾರೂ ಕಂಡುಹಿಡಿದಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ತೋರುಬೆರಳಿಗೆ ಪಟ್ಟಿ ಕಟ್ಟಿದೆ.

ವಿಷಯಕ್ಕೆ ಬರುತ್ತೇನೆ. ಭಾನುವಾರ ಇಲ್ಲಿನ ಕನ್ನಡ ಸಂಘದವರು ಒಂದು ಸಭಾಂಗಣ ಹಿಡಿದು ಗಣೇಶನ ಹಬ್ಬ ಮಾಡಿದರು. ಊಟ ಗ್ಯೋಟೋಕುವಿನ ಸುಭದ್ರಾ ಅವರದು. ಆಯಮ್ಮ ಅಲ್ಲಿ ಪುಟ್ಟದೊಂದು ಅಡುಗೆಮನೆ ಇಟ್ಟುಕೊಂಡು ಆಫೀಸುಗಳಿಗೆ ಊಟದ ಡಬ್ಬಿ ಕಳಿಸುತ್ತಾರೆ. ಹುಳಿ, ಪಲ್ಯ, ಕೋಸಂಬರಿ, ಕಡುಬು, ಪಾಯಸ ಎಲ್ಲ ಅವರು ಮಾಡಿದ್ದು. ಮೊಸರನ್ನ ಮಾತ್ರ ನಾನು ಮಾಡಿದ್ದು. ಸಂಘದ ಅಧ್ಯಕ್ಷ ನಟರಾಜ, "ಅಂಕಲ್, ನಿಮಗ್ಯಾಕೆ ಟ್ರಬಲ್" ಅಂದ. ನಾನು ಬಿಡುತ್ತೇನೆಯೇ? ನಮ್ಮೂರ ಹಾಲಿನ ಡೈರಿಗೆ ಅಷ್ಟು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು. ಹಾಲು ನೋಡಿದರೆ ಹಸುವಿನ ಹೆಸರು ಹೇಳುತ್ತೇನೆ.

ಆದರೆ ಆದ ಅವಮಾನ ಕೇಳು. ಲೈಸೆನ್ಸ್ ಇರುವ ಅಡುಗೆಮನೆಯದನ್ನು ಬಿಟ್ಟು ಬೇರೆ ಏನನ್ನೂ ಅಲ್ಲಿ ಬಡಿಸುವ ಹಾಗಿಲ್ಲವಂತೆ. ಅದಕ್ಕೆ ನಟರಾಜ ನನ್ನ ಮೊಸರನ್ನವನ್ನೂ ಸುಭದ್ರಾ ಹೆಸರಿಗೇ ಬರೆಸಿಬಿಟ್ಟ. ಆಯಮ್ಮನೂ, "ಹಿರಿಯರು ಆಸೆಪಟ್ಟಿದಾರೆ, ಹೋಗ್ಲಿ ಬಿಡಿ" ಅಂದರಂತೆ. ನನ್ನ ಕೈಯಡುಗೆಗೆ ಇನ್ನೊಬ್ಬರ ಹೆಸರು!

ಊಟ ಮುಗಿದು ಮಕ್ಕಳ ಡ್ಯಾನ್ಸ್ ನಡೆಯುತ್ತಿತ್ತು. ಒಬ್ಬೊಬ್ಬರೇ ಬಾಯಿಗೆ ಕರವಸ್ತ್ರ ಹಿಡಿದು ಎದ್ದರು. ಟಾಯ್ಲೆಟ್ ಮುಂದೆ ಉದ್ದ ಸಾಲು. ಜಪಾನ್ ನೋಡು, ವಾಂತಿ ಮಾಡುವವರ ಸಾಲೂ ನೇರವಾಗಿತ್ತು. ಬಂದವರಲ್ಲಿ ಕಾಲು ಭಾಗ ಜನ ಮಲಗಿದರು. ನಟರಾಜನ ತಾಯಿ ಚಾಮುಂಡೇಶ್ವರಮ್ಮನನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದ್ದಾರೆ. ನನಗೆ ಏನೂ ಆಗಲಿಲ್ಲ. ನನ್ನದು ಕಬ್ಬಿಣದ ಹೊಟ್ಟೆ.

ಈಗ ಹೊಕೆನ್‌ಜೊ ಎಂಬ ಸರ್ಕಾರಿ ಆರೋಗ್ಯ ಕೇಂದ್ರದಿಂದ ಮೊರಿತಾ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ) ಎಂಬ ಹೆಂಗಸು ಬಂದು, ಯಾರು ಏನೇನು ತಿಂದಿರಿ ಎಂದು ಎಲ್ಲರಿಗೂ ಹಾಳೆ ಹಂಚಿದ್ದಾರೆ. ನಾನು ಸುಮ್ಮನಿರಲಿಲ್ಲ. ಮನೆಮನೆಗೂ ಹೋಗಿ, ಪಕ್ಕದಲ್ಲೇ ಕೂತು ತುಂಬಿಸಿ ತಂದೆ. ಮೊಸರನ್ನ ತಿನ್ನಲಿಲ್ಲ ಎಂದು ಒಬ್ಬರಾದರೂ ಬರೆದಿದ್ದರೆ ಕೇಳು! ನೂರಕ್ಕೆ ನೂರು. ನನಗನ್ನಿಸುವುದು ಕಡುಬಿನ ಮೇಲೆ ಅನುಮಾನ. ನೀನು ಹೊಟ್ಟೆ ಕೆಡುವುದರ ಮೇಲೇ ಡಾಕ್ಟರೇಟ್ ಮಾಡಿದವಳಲ್ಲ, ಮೊರಿತಾ ಸಾನ್‌ಗೆ ಒಂದು ಮಾತು ಹೇಳು.

ಇಟ್ಟಿದ್ದ ಆಶೀರ್ವಾದ ಈಗ ತಗೋ.

ವಿಶ್ವನಾಥ ಮಾವ


ಫುಕುವೋಕಾ
6 ಸೆಪ್ಟೆಂಬರ್ 2025

ಮಾವ,

ಕಾಗದ ತಲುಪಿತು. ಮುಖ ತೋರಿಸದ್ದಕ್ಕೆ ಬೈಗುಳ ಒಪ್ಪಿಕೊಂಡಿದ್ದೇನೆ. ಬ್ಲಾಕ್ ತೆಗೆಯುವುದಿಲ್ಲ. ಫೋನಿನಲ್ಲೂ ಬೇಡ. ನಾನು ಒಂದು ಪ್ರಶ್ನೆ ಕೇಳಿದರೆ ನೀವು ಡೈರಿಯ ಕಥೆ ಶುರು ಮಾಡುತ್ತೀರಿ. ಬರೆಯುವಾಗಲಾದರೂ ಕೈ ಸೋತು ನಿಲ್ಲಿಸುತ್ತೀರಿ.

ನೀವು ಹೇಳುವ ಮೊದಲೇ ಮೊರಿತಾ ಸಾನ್ ನನಗೆ ಫೋನ್ ಮಾಡಿದ್ದರು. ಕನ್ನಡದವರ ಊಟ ಅರ್ಥ ಮಾಡಿಸಲು ಯಾರಾದರೂ ಬೇಕಿತ್ತು ಅವರಿಗೆ. ಅವರ ಗೋಳು ಏನು ಗೊತ್ತೆ? ಬಂದ ಹಾಳೆಗಳಲ್ಲೆಲ್ಲ ಪ್ರತಿಯೊಬ್ಬರೂ ಪ್ರತಿಯೊಂದನ್ನೂ ತಿಂದಿದ್ದಾರೆ. ಹಲ್ಲು ಬರದ ಮಗುವಿನ ಹಾಳೆಯಲ್ಲಿ ಕೋಸಂಬರಿಗೂ ಗುರುತು ಹಾಕಿದೆ. "ಚಂದ್ರಪ್ರಭಾ ಸಾನ್, ನಿಮ್ಮವರಲ್ಲಿ ಬೇಡ ಅನ್ನುವ ಪದವೇ ಇಲ್ಲವೆ?" ಎಂದು ಕೇಳಿದರು. ಹೀಗಾದರೆ ಏನೂ ಗೊತ್ತಾಗುವುದಿಲ್ಲ ಮಾವ. ಒಂದು ಪದಾರ್ಥವನ್ನು ತಿಂದವರಲ್ಲಿ ಎಷ್ಟು ಜನ ಮಲಗಿದರು, ತಿನ್ನದವರಲ್ಲಿ ಎಷ್ಟು ಜನ ಮಲಗಿದರು, ಇದನ್ನು ಹೋಲಿಸಿಯೇ ಕೆಟ್ಟದ್ದನ್ನು ಹಿಡಿಯುವುದು. ತಿನ್ನದವರೇ ಇಲ್ಲದಿದ್ದರೆ ಯಾರ ಜೊತೆ ಹೋಲಿಸುವುದು?

ಉಳಿದ ಊಟವನ್ನು ನಿಮ್ಮ ಸಂಘದವರು ಅವತ್ತೇ ಚೀಲ ಕಟ್ಟಿ ಎಸೆದು, ಪಾತ್ರೆಯನ್ನೆಲ್ಲ ಫಳಫಳ ತೊಳೆದಿಟ್ಟರಂತೆ. ಪರೀಕ್ಷೆಗೆ ಒಂದು ಅಗುಳೂ ಉಳಿದಿಲ್ಲ. ಸುಭದ್ರಾ ಅವರು ತಾವಾಗಿಯೇ ಬಾಗಿಲು ಹಾಕಿಕೊಂಡು ಕೂತಿದ್ದಾರೆ.

ಅದಿರಲಿ. ನಿಮ್ಮ ಮೊಸರನ್ನದ ವಿಷಯ ನನಗೆ ತುಂಬಾ ಕುತೂಹಲ. ಅಷ್ಟು ಜನರಿಗೆ ಒಬ್ಬರೇ ಹೇಗೆ ಮಾಡಿದಿರಿ? ಯಾವಾಗ ಶುರು ಮಾಡಿದಿರಿ, ಹೇಗೆ ಕಲಸಿದಿರಿ, ಎಲ್ಲಿ ಇಟ್ಟಿದ್ದಿರಿ, ಒಂದನ್ನೂ ಬಿಡದೆ ಬರೆಯಿರಿ. ನಿಮ್ಮ ಕೈಗುಣ ಇಲ್ಲಿ ನಮ್ಮ ವಿಭಾಗದವರಿಗೂ ಗೊತ್ತಾಗಲಿ. ಬೆರಳಿಗೆ ಏನಾಯಿತು? ಯಾವಾಗ?

ಚಂದ್ರಪ್ರಭಾ


ನಿಶಿ ಕಸಾಯಿ
8 ಸೆಪ್ಟೆಂಬರ್ 2025

ಚಂದ್ರೀ,

ಇಷ್ಟು ವರ್ಷಕ್ಕೆ ನಮ್ಮ ವಂಶದಲ್ಲಿ ಒಬ್ಬಳಿಗಾದರೂ ನನ್ನ ಬೆಲೆ ತಿಳಿಯಿತು. ಯೂನಿವರ್ಸಿಟಿಯವರೇ ಕೇಳಿದ ಮೇಲೆ ಮುಚ್ಚಿಡುವುದಕ್ಕೆ ಏನಿದೆ? ಬರೆದುಕೋ.

ಮೊಸರನ್ನವನ್ನು ಅವತ್ತಿಗೆ ಅವತ್ತೇ ಕಲಸುವುದು ಸೋಮಾರಿಗಳ ಕೆಲಸ. ನಾನು ಶನಿವಾರ ಸಂಜೆಯೇ ಸ್ಫೂರ್ತಿಯ ಮನೆಯಲ್ಲಿ ಅನ್ನ ಮಾಡಿ, ಬಿಸಿ ಆರುತ್ತಿದ್ದ ಹಾಗೆ ಕೈಯಲ್ಲೇ ಹಿಸುಕಿದೆ. ಸೌಟಿನಲ್ಲಿ ಹಿಸುಕಿದರೆ ಅಗುಳು ಒಡೆಯುತ್ತದೆ, ಕರಗುವುದಿಲ್ಲ. ಆಮೇಲೆ ಉಗುರುಬೆಚ್ಚಗಿನ ಹಾಲು ಸುರಿದು, ಬೆಣ್ಣೆ ಹಾಕಿ, ಹೆಪ್ಪಿಗೆಂದು ಒಂದೇ ಚಮಚ ಮೊಸರು. ಬೆಳಗಾಗುವಷ್ಟರಲ್ಲಿ ತಾನಾಗಿ ಹದಕ್ಕೆ ಬರಬೇಕು. ಮೊದಲೇ ಮೊಸರು ಸುರಿದರೆ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಇದು ಡೈರಿಯವನಿಗೆ ಮಾತ್ರ ಗೊತ್ತಿರುವ ಮಾತು.

ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ, ಇದ್ದಿದ್ದರೂ ಇಡುತ್ತಿರಲಿಲ್ಲ, ಹೆಪ್ಪು ಹಿಡಿಯಬೇಡವೇ? ಬಟ್ಟೆ ಮುಚ್ಚಿ ಅಡುಗೆಮನೆ ನೆಲದ ಮೇಲಿಟ್ಟೆ. ಅಳಿಯ ಮಧುಕರ್ ಎಸಿ ಹಾಕಿದ್ದ, ಅದನ್ನೂ ಆರಿಸಿದೆ. ಹೊರಗೆ ನಮ್ಮ ರಾಯಚೂರಿನ ಸೆಕೆ, ಮೊಸರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹಿಂದಿನ ದಿನ ಸುಭದ್ರಾ ಬಂದಾಗ ಪ್ಲಾಸ್ಟಿಕ್ ಕೈಗವಸಿನ ಡಬ್ಬಿ ಕೊಟ್ಟು, "ಅಂಕಲ್, ದಯವಿಟ್ಟು ಇದು ಹಾಕ್ಕೊಂಡೇ ಕಲಸಿ" ಅಂದಿದ್ದರು. ರುಚಿ ಕೈಯಿಂದ ಬರುತ್ತದೋ, ಪ್ಲಾಸ್ಟಿಕ್ಕಿನಿಂದ ಬರುತ್ತದೋ? ಡಬ್ಬಿ ಇನ್ನೂ ಒಡೆಯದೆ ಇಟ್ಟಿದ್ದೇನೆ, ವಾಪಸ್ಸು ಕೊಡಬೇಕು.

ಇನ್ನು ಗುಟ್ಟು. ಬೆಳಿಗ್ಗೆ ಒಗ್ಗರಣೆ ಹಾಕಿ, ಮೇಲೆ ವಸಾಬಿ ಸೇರಿಸಿದೆ! ಇಲ್ಲಿಯವರು ಹಸಿ ಮೀನಿನ ಜೊತೆ ತಿನ್ನುವ ಹಸಿರು ಪೇಸ್ಟು, ಗೊತ್ತಲ್ಲ. ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿದ್ದ ಟ್ಯೂಬನ್ನೆಲ್ಲ ತಂದಿದ್ದೆ. ನಮ್ಮ ದೇಶಕ್ಕೂ ಜಪಾನಿಗೂ ಸ್ನೇಹ ಇರಲಿ ಎಂದು. ಬಡಿಸುವಾಗ ನಾನೇ ಬಕೆಟ್ ಹಿಡಿದು ಪ್ರತಿಯೊಬ್ಬರ ಮುಂದೂ ನಿಂತೆ. ಕೆಲವರಿಗೆ ಕಣ್ಣಲ್ಲಿ ನೀರು ಬಂತು. ಊರು ನೆನಪಾಗಿರಬೇಕು.

ಬೆರಳಿನದು ಏನಿಲ್ಲ. ಶುಕ್ರವಾರಕ್ಕೆ ಮುಂಚೆಯೇ ಇಲ್ಲಿನ ತುರಿಯುವ ಮಣೆ ತಾಗಿತ್ತು. ಸ್ವಲ್ಪ ಕೀವು ಕಟ್ಟಿತ್ತು, ಅರಿಶಿನ ಒತ್ತಿದ್ದೆ. ಮೊಸರನ್ನ ಕಲಸುವಾಗ ಪಟ್ಟಿ ಒದ್ದೆಯಾಗುತ್ತದೆ ಎಂದು ಬಿಚ್ಚಿಟ್ಟು, ಆಮೇಲೆ ಹೊಸದು ಕಟ್ಟಿದೆ. ಶುಚಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೇಪರಿನಲ್ಲಿ ಹಾಕಿಸುವುದಾದರೆ ಫೋಟೋ ಕಳಿಸುತ್ತೇನೆ.

ಮಾವ


ಫುಕುವೋಕಾ
11 ಸೆಪ್ಟೆಂಬರ್ 2025

ಮಾವ,

ನಿಮ್ಮ ಕಾಗದವನ್ನು ಪೂರ್ತಿ ಓದಿ ಎದ್ದುಹೋಗಿ ಮುಖ ತೊಳೆದುಕೊಂಡು ಬಂದು ಕೂತಿದ್ದೇನೆ. ಈ ಕೆಲಸದಲ್ಲಿ ನಾನು ಬಹಳ ಕಡೆ ವಿಚಾರಣೆ ಮಾಡಿದ್ದೇನೆ. ಏನೇನು ಮಾಡಬಾರದೋ ಅದನ್ನೆಲ್ಲ ಒಂದೇ ಪಾತ್ರೆಯಲ್ಲಿ ಮಾಡಿ, ಮೇಲೆ ಹೆಮ್ಮೆಯನ್ನೂ ಒಗ್ಗರಣೆ ಹಾಕಿದವರನ್ನು ಇದುವರೆಗೆ ಕಂಡಿರಲಿಲ್ಲ.

ಕೀವು ಕಟ್ಟಿದ ಗಾಯದಲ್ಲಿ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬರಿಗೈಯಲ್ಲಿ ಹಿಸುಕಿದರೆ ಅನ್ನಕ್ಕೆ ಇಳಿಯುತ್ತದೆ. ಬೆಚ್ಚಗಿನ ಹಾಲು, ಅನ್ನ, ಸೆಕೆ, ಒಂದು ಇಡೀ ರಾತ್ರಿ. ಇನ್ನೇನು ಬೇಕು ಅದಕ್ಕೆ? ಬೆಳೆಯುತ್ತಾ ವಿಷ ಬಿಡುತ್ತದೆ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ. ಮಲಗಿದವರ ಪರೀಕ್ಷೆಯಲ್ಲಿ ಅದೇ ಸಿಕ್ಕಿದೆ. ಸುಭದ್ರಾ ಅವರ ಅಡುಗೆಮನೆಯಲ್ಲಿ, ಅವರ ಕೈಯಲ್ಲಿ, ಅವರ ಕೆಲಸದವರ ಕೈಯಲ್ಲಿ ಸಿಕ್ಕಿಲ್ಲ. ಬೆರಳು ಕೊಯ್ದುಕೊಂಡರೆ ಬರಿಗೈಯಲ್ಲಿ ಅನ್ನದ ಉಂಡೆ ಕಟ್ಟಬಾರದು ಎಂದು ಇಲ್ಲಿ ಶಾಲೆಯ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ.

ಹೌದು, ನಿಮ್ಮನ್ನು ಹೊಗಳಿ ಬರೆದದ್ದು ಸತ್ಯ ಹೊರಡಿಸುವುದಕ್ಕೇ. ಬೆರಳಿನ ಪಟ್ಟಿ ಎಂದು ಓದಿದಾಗಲೇ ಅನುಮಾನ ಬಂದಿತ್ತು. ಆಗಲೇ ಹೇಳಿದ್ದರೆ ನೀವು ಬಾಯಿ ಬಿಡುತ್ತಿರಲಿಲ್ಲ.

ಈಗ ಎರಡು ಕೆಲಸ. ಒಂದು, ಮೊಸರನ್ನ ನಿಮ್ಮ ಮನೆಯದು ಎಂದು ಮೊರಿತಾ ಸಾನ್‌ಗೆ ಹೇಳಿ. ಎರಡು, ಅದನ್ನು ಯಾರು ತಿನ್ನಲಿಲ್ಲ ಎಂದು ನನಗೆ ಹೇಳಿ. ವಸಾಬಿ ಹಾಕಿದ ಮೊಸರನ್ನವನ್ನು ಎಲ್ಲರೂ ತಿಂದರು ಎಂದರೆ ನಾನು ನಂಬುವುದಿಲ್ಲ. ನೀವು ತಿಂದಿರಾ?

ಚಂದ್ರಪ್ರಭಾ


ನಿಶಿ ಕಸಾಯಿ
13 ಸೆಪ್ಟೆಂಬರ್ 2025
(ಪೋಸ್ಟ್ ಕಾರ್ಡು)

ಸೌಭಾಗ್ಯವತಿ ಡಾಕ್ಟರ್ ಚಂದ್ರಪ್ರಭಾ ಅವರಿಗೆ,

ವಸಾಬಿ ಕ್ರಿಮಿಗಳನ್ನು ಕೊಲ್ಲುತ್ತದೆ. ಅದಕ್ಕೇ ಇಲ್ಲಿಯವರು ಹಸಿ ಮೀನಿಗೆ ಹಚ್ಚಿಕೊಳ್ಳುವುದು. ಅರಿಶಿನವೂ ಕೊಲ್ಲುತ್ತದೆ. ಎತ್ತಿ ಆಡಿಸಿದ ಮಾವನ ಬಾಯಿಂದ ಮಾತು ಹೊರಡಿಸುವುದಕ್ಕೆ ಪೊಲೀಸರ ಹಾಗೆ ಹೊಗಳುವುದನ್ನು ಯಾವ ಯೂನಿವರ್ಸಿಟಿಯಲ್ಲಿ ಕಲಿಸುತ್ತಾರೆ? ಎಲ್ಲರೂ ತಿಂದರು. ಎಲ್ಲರಿಗೂ ಹಿಡಿಸಿತು. ಜಾಗ ಮುಗಿಯಿತು.

ವಿಶ್ವನಾಥ


ಫುಕುವೋಕಾ
16 ಸೆಪ್ಟೆಂಬರ್ 2025

ಮಾವ,

ವಸಾಬಿ ಹಾಕಿದ್ದು ಬೆಳಿಗ್ಗೆ. ವಿಷ ಆಗಿದ್ದು ರಾತ್ರಿ. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟ ವಿಷ ಸಾಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಆ ವಾದ ಇಲ್ಲಿಗೆ ಮುಗಿಯಿತು.

ಇನ್ನು ಕಾರ್ಡಿನಲ್ಲಿ ಬರೆದಿರಲ್ಲ, ಎಲ್ಲರೂ ತಿಂದರು ಎಂದು, ಅದರ ಅರ್ಥ ನಿಮಗೆ ಗೊತ್ತೆ? ಎಲ್ಲರೂ ತಿಂದು, ಕಾಲು ಭಾಗ ಜನ ಮಾತ್ರ ಮಲಗಿದ್ದಾರೆ ಎಂದರೆ ಮೊಸರನ್ನವನ್ನೇ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಪಾಯಸವನ್ನೂ ತೋರಿಸಬಹುದು, ಪಲ್ಯವನ್ನೂ ತೋರಿಸಬಹುದು. ಆಗ ಮೊರಿತಾ ಸಾನ್ ಒಟ್ಟು ಊಟವೇ ಕಾರಣ ಎಂದು ಬರೆಯಬೇಕಾಗುತ್ತದೆ. ಆ ಊಟ ಯಾರ ಹೆಸರಿನಲ್ಲಿದೆ? ನಿಮ್ಮ ಮೊಸರನ್ನವೂ ಸೇರಿ ಯಾರ ಹೆಸರಿನಲ್ಲಿದೆ? ಇಲ್ಲಿ ಹಾಗೆ ತೀರ್ಮಾನವಾದರೆ ಅಂಗಡಿಯ ಹೆಸರನ್ನು ಪ್ರಕಟಿಸುತ್ತಾರೆ. ಡಬ್ಬಿ ತರಿಸುವ ಆಫೀಸಿನವರು ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದಾರೆ. ಹೆಸರು ಬಂದರೆ ಅವರು ಡಬ್ಬಿ ನಿಲ್ಲಿಸುತ್ತಾರೆ. ಆ ಅಡುಗೆಮನೆ ಮತ್ತೆ ತೆರೆಯುವುದೂ ಇಲ್ಲ.

ನಿನ್ನೆ ಸುಭದ್ರಾ ಅವರ ಜೊತೆ ಮಾತಾಡಿದೆ. ಮೊಸರನ್ನ ಅವರದಲ್ಲ ಎಂದು ಅವರೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ಸಂಘದವರಿಗೆ ಸಭಾಂಗಣ ಹೋಗತ್ತೆ ಅಂತ ನಟರಾಜ್ ಸರ್ ಕೈ ಮುಗಿದ್ರು. ಅಂಕಲ್‌ಗೂ ಅವಮಾನ ಅಲ್ವಾ? ನಮ್ ಅಡುಗೆ ಕ್ಲೀನ್ ಇದೆ, ಹ್ಯಾಗೂ ಗೊತ್ತಾಗತ್ತೆ ಅನ್ಕೊಂಡೆ" ಎಂದರು.

ಮೊರಿತಾ ಸಾನ್ ಮತ್ತೊಮ್ಮೆ ಎಲ್ಲರಿಗೂ ಫೋನ್ ಮಾಡಿದರು. ನಾನೂ ಮಾಡಿದೆ. ಎಲ್ಲರದೂ ಒಂದೇ ಉತ್ತರ: "ಮೊಸರನ್ನಾನಾ? ತಿಂದ್ವಿ, ತಿಂದ್ವಿ. ಸೂಪರ್ ಆಗಿತ್ತು." ನಿಮಗೆ ಬೇಜಾರಾಗುತ್ತದೆ ಎಂಬ ಒಂದೇ ಭಯ ಅವರಿಗೆ. ಆ ಹಾಳೆ ತುಂಬುವಾಗ ಪಕ್ಕದಲ್ಲಿ ಕೂತಿದ್ದವರು ನೀವು. ಆ ಬಾಯಿ ಕಟ್ಟಿದವರು ನೀವು, ಬಿಡಿಸಬೇಕಾದವರೂ ನೀವೇ. ನನ್ನ ಡಾಕ್ಟರೇಟಿನಿಂದ ಆಗುವುದಿಲ್ಲ.

ನೀವು ತಿಂದಿರಾ ಎಂದು ಕೇಳಿದ್ದೆ. ಕಾರ್ಡಿನಲ್ಲಿ ಅದಕ್ಕೆ ಮಾತ್ರ ಜಾಗ ಸಾಲಲಿಲ್ಲವೆ?

ಚಂದ್ರಪ್ರಭಾ


ನಿಶಿ ಕಸಾಯಿ
21 ಸೆಪ್ಟೆಂಬರ್ 2025

ಚಂದ್ರೀ,

ಬರೆದುಕೋ. ಮೊಸರನ್ನ ತಿನ್ನದವರಲ್ಲಿ ಮೊದಲನೆಯ ಹೆಸರು: ಎನ್. ವಿಶ್ವನಾಥ. ಎಲ್ಲರಿಗೂ ಬಡಿಸಿ ಕೊನೆಗೆ ನಾನು ಕೂತೆ. ಒಂದು ತುತ್ತು ಬಾಯಿಗಿಟ್ಟೆ. ಆ ಹಸಿರು ಪೇಸ್ಟು ಮೂಗಿನಿಂದ ಹೊರಟು ತಲೆಯ ಹಿಂಭಾಗಕ್ಕೆ ಗುದ್ದಿತು. ಕರವಸ್ತ್ರಕ್ಕೆ ಉಗಿದೆ. ಕಬ್ಬಿಣದ ಹೊಟ್ಟೆಗೆ ಅದು ಇಳಿಯಲೇ ಇಲ್ಲ. ಸಾಕೇ?

ಸಾಕಾಗಲಿಲ್ಲ. ಆಮೇಲಿನ ಕಥೆ ಕೇಳು. ಜನರ ಮನೆಗೆ ಹೋಗಿ, ದಯವಿಟ್ಟು ನನ್ನ ಅಡುಗೆಯನ್ನು ಬೈಯಿರಿ ಎಂದು ಬೇಡುವ ಗತಿ ನನ್ನ ಶತ್ರುವಿಗೂ ಬರಬಾರದು.

ಮೊದಲು ಮನೆಯಲ್ಲೇ ಶುರು ಮಾಡಿದೆ. "ಮಧುಕರ್, ನಿಜ ಹೇಳಪ್ಪ. ಅವತ್ತು ಮೊಸರನ್ನ ತಿಂದ್ಯಾ?" ಅಳಿಯ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಏನ್ ಮಾವ, ಆಬ್ವಿಯಸ್ಲಿ. ಟೂ ಗುಡ್" ಅಂದ. ಅವನಿಗೆ ಒಂದು ತೇಗೂ ಬಂದಿರಲಿಲ್ಲ. ತಿಂದಿದ್ದರೆ ಮಲಗಬೇಕಿತ್ತಲ್ಲ, ಮಲಗಿಲ್ಲವಲ್ಲ ಎಂದರೆ, "ನನ್ ಇಮ್ಯುನಿಟಿ ಸ್ಟ್ರಾಂಗ್ ಮಾವ" ಅಂತಾನೆ!

ಅಲ್ಲಿಂದ ಕಸಾಯಿಯ ಸುಪ್ರೀತಾ, ಧನುಷ್ ಅವರ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರು, ಬಲು ಒಳ್ಳೆಯವರು. ಬಾಗಿಲಲ್ಲೇ ಹೇಳಿದೆ, "ನೋಡಮ್ಮ, ನಾನು ಬೇಜಾರು ಮಾಡ್ಕೊಳ್ಳಲ್ಲ. ಸುಭದ್ರಾ ಅಂಗಡಿ ಉಳೀಬೇಕು. ಮೊಸರನ್ನ ಬಿಸಾಕಿದ್ರೆ ಬಿಸಾಕಿದ್ವಿ ಅಂತ ಹೇಳಿಬಿಡು."

"ಅಯ್ಯೋ ಅಂಕಲ್! ಬಿಸಾಕೋದಾ? ಎಷ್ಟ್ ಚೆನ್ನಾಗಿತ್ತು. ಧನು, ಹೇಳೋ."

"ವೆರಿ ಯುನೀಕ್ ಟೇಸ್ಟ್ ಅಂಕಲ್."

"ಯುನೀಕ್ ಅಂದ್ರೆ?"

"ಯುನೀಕ್ ಅಂದ್ರೆ... ಬೇರೆ ಎಲ್ಲೂ ಸಿಗಲ್ಲ."

ಬಿಸ್ಕತ್ತು, ಕಾಫಿ ಕೊಟ್ಟು ಕಳಿಸಿದರು. ಅವತ್ತು ಏಳು ಮನೆ ಕಾಫಿ ಕುಡಿದೆ, ಒಂದು ಸತ್ಯ ಸಿಗಲಿಲ್ಲ. ನಮ್ಮ ಜನಕ್ಕೆ ಏನಾಗಿದೆ ಚಂದ್ರೀ? ಆಫೀಸಿನಲ್ಲಿ ಇವರು ಒಬ್ಬರ ಕೆಲಸದಲ್ಲಿ ಒಬ್ಬರು ತಪ್ಪು ಹುಡುಕುವುದೇ ಉದ್ಯೋಗವಂತೆ. ಒಂದು ಸೌಟು ಮೊಸರನ್ನ ಚೆನ್ನಾಗಿರಲಿಲ್ಲ ಎನ್ನುವುದಕ್ಕೆ ನಾಲಗೆ ಏಳುವುದಿಲ್ಲ. ಇದನ್ನೇ ದಾಕ್ಷಿಣ್ಯ ಅಂತ ಮೆಚ್ಚಿಕೊಂಡು ಬಂದವನು ನಾನು. ಅವತ್ತು ತಲೆ ಚಚ್ಚಿಕೊಂಡೆ.

ನಿನ್ನೆ ಬೇರೆ ದಾರಿ ಹಿಡಿದೆ. ಬೈಯಬೇಡ, ಪೂರ್ತಿ ಓದು. ಸ್ಫೂರ್ತಿಯ ಕೈಲಿ ಗವಸು ಹಾಕಿಸಿ, ಹೊಸ ಮೊಸರನ್ನ ಕಲಸಿಸಿ, ತಕ್ಷಣ ಐಸ್ ಚೀಲದಲ್ಲಿ ಇಟ್ಟು, ಮೇಲೆ ಅಷ್ಟೇ ವಸಾಬಿ ಹಾಕಿಸಿದೆ. ನಾನು ಮುಟ್ಟಿಲ್ಲ. ಡಬ್ಬಿಗಳನ್ನು ಹೊತ್ತುಕೊಂಡು ಮತ್ತೆ ಸುಪ್ರೀತಾಳ ಬಾಗಿಲಿಗೆ ಹೋದೆ.

"ನಿಮಗೆ ಅಷ್ಟು ಹಿಡಿಸಿತ್ತಲ್ಲಮ್ಮ, ಅದಕ್ಕೇ ತಂದೆ. ತಟ್ಟೆ ತಗೊಂಡು ಬಾ. ನನ್ನ ಮುಂದೇನೇ ತಿನ್ನಿ, ನೋಡೋಕೆ ಖುಷಿ."

ಹುಡುಗಿ ಗಂಡನ ಮುಖ ನೋಡಿದಳು. ಗಂಡ ಚಾವಣಿ ನೋಡಿದ.

"ಈಗ ತಾನೇ ಊಟ ಆಯ್ತು ಅಂಕಲ್."

"ಪರವಾಗಿಲ್ಲ, ಹಸಿವಾಗೋ ತನಕ ಕೂತಿರ್ತೀನಿ. ರಿಟೈರ್ ಆದವನಿಗೆ ಏನ್ ಕೆಲಸ?"

ನಾನು ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಪತ್ರಿಕೆ ತೆಗೆದೆ. ಪತ್ರಿಕೆ ಜಪಾನಿ ಭಾಷೆಯದು, ಆದರೂ ಪುಟ ತಿರುವಿದೆ. ಮುಂದಿನ ತಿಂಗಳಿಂದ ವಾರಕ್ಕೊಂದು ಸಲ ಕಳಿಸಿಕೊಡುತ್ತೇನೆ ಎಂದೆ. ಅಷ್ಟೇ! ಧನುಷ್ ಎದ್ದು ನಿಂತು ಕೈ ಮುಗಿದ.

"ಅಂಕಲ್, ಸುಮಿಮಾಸೆನ್, ರಿಯಲಿ ಸಾರಿ. ಅವತ್ತು ನಾವಿಬ್ರೂ ತಿನ್ಲಿಲ್ಲ. ಪೇಪರ್ ಪ್ಲೇಟ್ ಮಡಚಿ ಡಸ್ಟ್‌ಬಿನ್‌ಗೆ ಹಾಕಿದ್ವಿ. ವಾಸನೆಗೇ ನನಗೆ ತಲೆ ತಿರುಗ್ತು."

ಚಂದ್ರೀ, ಅಷ್ಟು ಸಿಹಿಯಾದ ಬೈಗುಳ ನನ್ನ ಜನ್ಮದಲ್ಲಿ ಕೇಳಿಲ್ಲ. ಅಲ್ಲೇ ಮೊರಿತಾ ಸಾನ್‌ಗೆ ಫೋನ್ ಮಾಡಿಸಿದೆ. ಆಮೇಲೆ ಸುಲಭವಾಯಿತು. ಒಂದೊಂದು ಮನೆಯಲ್ಲೂ ಡಬ್ಬಿಯ ಮುಚ್ಚಳ ತೆಗೆದೊಡನೆ ಸತ್ಯ ಹೊರಬಂತು. ಒಬ್ಬರು ಹೂವಿನ ಕುಂಡಕ್ಕೆ ಸುರಿದರಂತೆ. ಒಬ್ಬರು ಮಗುವಿನ ಡಯಾಪರ್ ಚೀಲಕ್ಕೆ. ಡಯಾಪರಿಗೇನೇ! ನನ್ನ ಅಳಿಯ ಮಹಾಶಯ, "ಮಾವ, ನಾನು ಬಕೆಟ್ ನೋಡೇ ಪಾಯಸದ ಕಡೆ ಹೋದೆ" ಅಂದ. ರಾತ್ರಿ ಇಡೀ ಅದರ ಪಕ್ಕದ ಕೋಣೆಯಲ್ಲಿ ಮಲಗಿದ್ದವನು. ಎಸಿ ಆರಿಸಿದಾಗಲೂ ಬಾಯಿ ಬಿಡಲಿಲ್ಲ.

ಚಾಮುಂಡೇಶ್ವರಮ್ಮನ ಮನೆಗೆ ಮಾತ್ರ ಡಬ್ಬಿ ಒಯ್ಯಲಿಲ್ಲ. ಆಸ್ಪತ್ರೆಯಿಂದ ಬಂದು ಗಂಜಿ ಕುಡಿಯುತ್ತಾ ಕೂತಿದ್ದರು, ಕೈ ಮೇಲೆ ಸೂಜಿ ಚುಚ್ಚಿದ ಜಾಗ ಇನ್ನೂ ಕಪ್ಪಗಿತ್ತು. "ಪೂರ್ತಿ ತಿಂದೆ ಕಣಪ್ಪ" ಎಂದರು. ಅಷ್ಟು ಖಾರದ್ದನ್ನು ಯಾಕೆ ತಿಂದಿರಿ ಎಂದೆ. "ನೀವು ತಟ್ಟೆ ಮುಂದೇನೇ ನಿಂತಿದ್ರಲ್ಲ. ಇನ್ನೊಂದು ಸೌಟು ಬೇರೆ ಹಾಕಿದ್ರಿ. ಹ್ಯಾಗೆ ಬಿಡೋದು?" ನಾನು ಎದ್ದು ಬಂದೆ. ರೈಲಿನಲ್ಲಿ ನಿಲ್ದಾಣ ದಾಟಿ ಹೋಗಿ, ಮತ್ತೆ ವಾಪಸ್ಸು ಬರಬೇಕಾಯಿತು.

ಮೊಸರನ್ನ ನಮ್ಮ ಮನೆಯದು ಎಂದು ಇವತ್ತು ಸ್ಫೂರ್ತಿಯನ್ನು ಜೊತೆಗಿಟ್ಟುಕೊಂಡು ಮೊರಿತಾ ಸಾನ್‌ಗೆ ಹೇಳಿದ್ದೇನೆ. ನಟರಾಜ ಫೋನ್ ಮಾಡಿ ಕೂಗಾಡಿದ. ಕೂಗಾಡಲಿ. ಮನಸ್ಸಿನಲ್ಲಿದ್ದದ್ದನ್ನು ಕೂಗಿ ಹೇಳುವ ಒಬ್ಬನಾದರೂ ಸಿಕ್ಕಿದ.

ಮಾವ


ಫುಕುವೋಕಾ
24 ಸೆಪ್ಟೆಂಬರ್ 2025

ಮಾವ,

ಆಹಾರದಿಂದ ಜನ ಕಾಯಿಲೆ ಬಿದ್ದಿರುವ ವಿಚಾರಣೆಯ ಮಧ್ಯದಲ್ಲಿ, ಆ ಆಹಾರವನ್ನೇ ಮತ್ತೆ ಮಾಡಿಸಿಕೊಂಡು ಮನೆಮನೆಗೆ ಹೊತ್ತು ಹೋದಿರಾ? ಮೊರಿತಾ ಸಾನ್‌ಗೆ ಇದನ್ನು ವಿವರಿಸುವಾಗ ನನ್ನ ಜಪಾನಿ ಭಾಷೆಯೆಲ್ಲ ಮುಗಿದುಹೋಯಿತು. ಅವರು, "ಆ ಡಬ್ಬಿಗಳನ್ನು ಯಾರೂ ತಿಂದಿಲ್ಲ ಎಂಬುದು ಖಾತ್ರಿಯೆ?" ಎಂದು ಕೇಳಿದರು. ಖಾತ್ರಿ ಎಂದೆ. "ಹಾಗಾದರೆ ವಿಶ್ವನಾಥ ಸಾನ್‌ಗೆ ನನ್ನ ಧನ್ಯವಾದ ತಿಳಿಸಿ. ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದೂ ತಿಳಿಸಿ" ಎಂದರು.

ಲೆಕ್ಕ ಈಗ ಎದ್ದು ಕಾಣುತ್ತಿದೆ. ಮೊಸರನ್ನ ಬಿಟ್ಟವರೆಲ್ಲ ಗಟ್ಟಿಯಾಗಿದ್ದಾರೆ. ತಿಂದವರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಮಲಗಿದ್ದಾರೆ. ಹುಳಿ, ಪಲ್ಯ, ಪಾಯಸ ಯಾವುದರಲ್ಲೂ ಈ ಬಗೆಯ ವ್ಯತ್ಯಾಸವಿಲ್ಲ. ನಿಮ್ಮ ಅಡುಗೆ ಅಷ್ಟು ಕೆಟ್ಟದಾಗಿಲ್ಲದಿದ್ದರೆ ಇದರ ನಾಲ್ಕು ಪಟ್ಟು ಜನ ಮಲಗಿರುತ್ತಿದ್ದರು. ಇದನ್ನು ಹೊಗಳಿಕೆ ಎಂದು ತಿಳಿದುಕೊಂಡು ಊರಿಗೆಲ್ಲ ಹೇಳಬೇಡಿ.

ಒಂದು ಬಾಕಿ ಇದೆ. ನಿಮ್ಮ ಬೆರಳಿನಿಂದ, ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಕೊಡಬೇಕು. ರೋಗಿಗಳಲ್ಲಿ ಸಿಕ್ಕಿದ್ದಕ್ಕೆ ಹೊಂದಿಕೆಯಾದರೆ ಸುಭದ್ರಾ ಅವರ ಮೇಲಿನ ಅನುಮಾನ ಪೂರ್ತಿ ಕಳೆಯುತ್ತದೆ. ನಾಳೆಯೇ ಹೋಗಿ. ಡೈರಿಯ ಕಥೆ ಹೇಳದೆ ಸುಮ್ಮನೆ ಕೂತು ಕೊಟ್ಟು ಬನ್ನಿ.

ಚಂದ್ರಪ್ರಭಾ


ನಿಶಿ ಕಸಾಯಿ
5 ಅಕ್ಟೋಬರ್ 2025

ಚಂದ್ರೀ,

ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದದ್ದೂ, ಅದು ಹೊಂದಿಕೆಯಾದದ್ದೂ ನಿನಗೆ ನನಗಿಂತ ಮೊದಲೇ ಗೊತ್ತು. ಡೈರಿಯ ಕಥೆ ಅರ್ಧವೇ ಹೇಳಿದೆ. ಸಂಘಕ್ಕೆ ಇನ್ನು ಒಂದು ವರ್ಷ ಆ ಸಭಾಂಗಣ ಕೊಡುವುದಿಲ್ಲವಂತೆ. ಗ್ಯೋಟೋಕುವಿನ ಅಂಗಡಿ ಬುಧವಾರ ತೆರೆಯಿತು. ಆಫೀಸಿನವರು ಬಿಟ್ಟು ಹೋಗಲಿಲ್ಲ, ಡಬ್ಬಿಗಳು ಮತ್ತೆ ಹೋಗುತ್ತಿವೆ.

ಶುಕ್ರವಾರ ಮಧ್ಯಾಹ್ನ ಹೋದೆ. ಕೌಂಟರಿನ ಮುಂದೆ ಐದಾರು ಸ್ಟೂಲು. ನಟರಾಜನೂ ಇದ್ದ, ನನ್ನನ್ನು ನೋಡಿ ಹುಳಿಯ ಬಟ್ಟಲಿಗೆ ಮುಖ ಇಟ್ಟ. ಸುಭದ್ರಾ ಗವಸು ಹಾಕಿದ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಹೇಳಬೇಕೆಂದು ರೈಲಿನಲ್ಲಿ ಎರಡು ವಾಕ್ಯ ಜೋಡಿಸಿಕೊಂಡು ಹೋಗಿದ್ದೆ.

"ಅಂಕಲ್, ಊಟಕ್ಕೆ ಬಂದ್ರಾ, ಸಾರಿ ಹೇಳೋಕೆ ಬಂದ್ರಾ?"

"ಎರಡಕ್ಕೂನಮ್ಮ."

"ಊಟ ರೆಡಿ ಇದೆ, ಕೂತ್ಕೊಳ್ಳಿ. ಸಾರಿ ಬೇಕಿದ್ದಿದ್ದು ಹೋದ ತಿಂಗಳು."

ಜೋಡಿಸಿದ್ದ ಎರಡು ವಾಕ್ಯವನ್ನೂ ಹಾಗೇ ಬಿಟ್ಟೆ. ಕೂತು ಉಂಡೆ. ಆಯಮ್ಮ ಒಬ್ಬೊಬ್ಬರನ್ನೇ ಹೇಗಿದೆ ಎಂದು ಕೇಳುತ್ತಾ ಬಂದರು. ಎಲ್ಲರದೂ ಅದೇ ಪಾಠ: ಸೂಪರ್ ಮೇಡಂ, ಸೂಪರ್. ನಟರಾಜನೂ ಸೂಪರ್ ಅಂದ. ನನ್ನ ಮುಂದೆ ಬಂದು ನಿಂತರು. ಕೇಳಲಿಲ್ಲ, ನಿಂತರು.

"ಹುಳಿಗೆ ಉಪ್ಪು ಕಮ್ಮಿ ಆಗಿದೆ" ಎಂದೆ.

ನಟರಾಜ ಕೌಂಟರಿನ ಕೆಳಗೆ ನನ್ನ ಕಾಲು ಒದ್ದ. ಸುಭದ್ರಾ ಒಂದು ಹೊಸ ಚಮಚ ತೆಗೆದು ಹುಳಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ, ನಾಲಗೆಯ ಮೇಲೆ ಹೊರಳಿಸಿ ನೋಡಿದರು.

"ಕಮ್ಮಿ ಇದೆ. ನಟರಾಜ್ ಸರ್, ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಮೇಡಂ. ಹೇಗ್ ಹೇಳೋದು ಅಂತ..."

"ಬೆಳಿಗ್ಗೆ ಇದೇ ಹುಳಿ ಡಬ್ಬೀಲಿ ಆಫೀಸ್‌ಗೆ ಹೋಗಿದೆ. ಅಲ್ಲೂ ಎಲ್ಲಾ ಸೂಪರ್ ಅಂತಲೇ ಮೆಸೇಜ್ ಮಾಡಿದಾರೆ."

ಆಯಮ್ಮನಿಗೆ ಬಂದ ಸಿಟ್ಟು ನನ್ನ ಮೇಲಲ್ಲ ಎಂದು ಗೊತ್ತಾಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಪಾತ್ರೆಗೆ ಉಪ್ಪು ಹಾಕಿ, ಕುದಿಸಿ, ಎಲ್ಲರನ್ನೂ ದಾಟಿ ಬಂದು ನನ್ನ ಬಟ್ಟಲಿಗೆ ಮೊದಲು ಬಿಟ್ಟರು.

"ಈಗ ಹೇಳಿ."

ಊದಿಕೊಂಡು ಒಂದು ಗುಟುಕು ಕುಡಿದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಇನ್ನೊಂದ್ ಚೂರು ಬೇಕು" ಎಂದೆ.

"ಹಾಳಾಗ್ಲಿ!" ಎಂದು ಉಪ್ಪಿನ ಡಬ್ಬಿಯನ್ನೇ ತಂದು ನನ್ನ ಮುಂದೆ ಕುಕ್ಕಿ, ಒಳಗೆ ಹೋದರು. ನಾನು ಹಾಕಿಕೊಂಡೆ. ನನ್ನ ಪಕ್ಕದವನು ಆಚೀಚೆ ನೋಡಿ, ಮೆಲ್ಲಗೆ ಕೈ ಚಾಚಿ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಅವನಿಂದ ನಟರಾಜನಿಗೆ ಹೋಯಿತು.

ಮಾವ